ಮೊದಲೆರಡು ಪದ

ಮಾವ ಪತ್ರವನ್ನು ಮೂಗಿನ ತನಕ ತಂದು, ಮತ್ತೆ ದೂರ ಹಿಡಿದು, ಕೊನೆಗೆ ನನ್ನ ಕೈಗೆ ಕೊಟ್ಟರು.

“ಓದೇ ಬ್ಯಾಟರಿ. ನಿಮ್ಮ ಆಫೀಸಿಂದಲೇ ಬಂದಿದೆ.”

ಓದುವ ಅಗತ್ಯವಿರಲಿಲ್ಲ. ‘ಪ್ರೇಕ್ಷಕರ ಎದುರು ವೇದಿಕೆಯ ಮೇಲೆ ಕನಿಷ್ಠ ಹತ್ತು ವರ್ಷ ಪ್ರದರ್ಶನ ನೀಡಿದವರೇ ಕಲಾವಿದರು. ಅರ್ಜಿದಾರರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.’ ವ್ಯಾಖ್ಯೆ ನನ್ನದೇ. ಸಂಸ್ಕೃತಿ ಇಲಾಖೆಯಲ್ಲಿ ನಾನು ಹಿರಿಯ ಸಲಹೆಗಾರ್ತಿ, ಮಂತ್ರಿಗಳ ಭಾಷಣ ಬರೆಯುವವಳೂ ನಾನೇ. ಆರು ವರ್ಷದ ಹಿಂದೆ ಕಲಾ ನೀತಿಯ ಕರಡು ಹೋದದ್ದು ನನ್ನ ಮೇಜಿನಿಂದ. ಮೊದಲ ಕರಡಿನಲ್ಲಿ ಪರದೆ ಎಳೆಯುವವರು, ಬಣ್ಣ ಹಚ್ಚುವವರು, ಪ್ರಾಂಪ್ಟರ್ ಎಂದು ಹನ್ನೊಂದು ಕಸುಬುಗಳಿದ್ದವು. ಪಟ್ಟಿ ಉದ್ದವಾಯಿತೆಂದು ನಾನೇ ಹೊಡೆದುಹಾಕಿದೆ. ಎರಡು ಸಾಲಿಗೆ ಇಳಿಸಿದ್ದಕ್ಕೆ ಎಲ್ಲರೂ ಹೊಗಳಿದರು. ನಾನೂ ಹಿಗ್ಗಿದೆ.

ಮಾವ, ಅಂದರೆ ನನ್ನ ತಾಯಿಯ ತಮ್ಮ, ಮೂವತ್ತೊಂದು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದರು. ನಟ ಮಾತು ಮರೆತರೆ ಮರೆಯಲ್ಲಿ ನಿಂತು ಎತ್ತಿಕೊಡುವ ಕೆಲಸ. ಅಷ್ಟು ವರ್ಷದಲ್ಲಿ ಒಂದು ಕರಪತ್ರದಲ್ಲೂ ಅವರ ಹೆಸರು ಅಚ್ಚಾಗಲಿಲ್ಲ. ಈಗ, ಐದು ವರ್ಷಕ್ಕೊಮ್ಮೆ ಬರುವ ಇಲಾಖೆಯ ಕಲಾವಿದರ ಹೆಸರುಗಳ ಕೋಶ ಅಚ್ಚಿಗೆ ಹೋಗುವ ಹೊತ್ತು. ಅದರಲ್ಲಿ ತಮ್ಮ ಹೆಸರೂ ಇರಲೆಂದು ಮಾವ ಅರ್ಜಿ ಹಾಕಿದ್ದರು. ಮಾವನ ಬಲಗಣ್ಣು ಹೋಗಿದೆ. ಎಡಗಣ್ಣಿನ ನರವೂ ಸೊರಗುತ್ತಿದೆ, ಔಷಧಿಯಿಲ್ಲ, ಹೆಚ್ಚೆಂದರೆ ಆರು ತಿಂಗಳು ಎಂದಿದ್ದಾರೆ ಡಾಕ್ಟರು.

“ಬರಲ್ಲ ಅಂತ ತಾನೆ?” ಎಂದರು ಮಾವ.

“ಹೂಂ.”

“ನನ್ನ ಕಣ್ಣಲ್ಲಿ ಒಂದ್ಸಲ ಓದೋಣ ಅಂತಿತ್ತು. ಹೋಗ್ಲಿ ಬಿಡು.”

ಅತ್ತೆ ಒಳಗಿನಿಂದಲೇ ಕೂಗಿದರು: “ಮನೇಲೇ ಸಲಹೆಗಾರರನ್ನ ಇಟ್ಕೊಂಡು ಇವರ ಗತಿ ನೋಡು. ಕೈಯಲ್ಲಿ ದೀಪ ಹಿಡ್ಕೊಂಡು ಬಾವಿಗೆ ಬಿದ್ದ ಹಾಗೆ.”

ದೀಪ ಹಿಡಿದವಳು ನಾನೇ. ಎಂಟನೇ ವಯಸ್ಸಿನಿಂದ ಭಾನುವಾರ ಮಧ್ಯಾಹ್ನದ ಆಟಕ್ಕೆ ಮಾವ ನನ್ನನ್ನು ಕರೆದೊಯ್ಯುತ್ತಿದ್ದರು. ಪಕ್ಕದ ಪರದೆಯ ಮರೆಯಲ್ಲಿ, ವೇಷದ ತಗಡಿನ ಪೆಟ್ಟಿಗೆಯ ಮೇಲೆ ಅವರು ಕೂರುತ್ತಿದ್ದರು, ಕಾಲ ಬಳಿ ನಾನು. ನೀಲಿ ಕಾಗದ ಸುತ್ತಿದ ಬ್ಯಾಟರಿಯನ್ನು ನಾಟಕದ ಪುಸ್ತಕದಲ್ಲಿ ಅವರ ಬೆರಳು ಓಡಿದ ಸಾಲಿಗೆ ಹಿಡಿಯುವುದು ನನ್ನ ಕೆಲಸ. ಬೆಳಕು ಪರದೆಯತ್ತ ಸರಿದರೆ ತೊಡೆಗೆ ಚಿವುಟು. ಅಲ್ಲಿ ಬಣ್ಣದ ಎಣ್ಣೆ, ಬೆವರು, ಹಳೇ ಜರಿಯ ವಾಸನೆ. ನಾನು ಸರಾಗವಾಗಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಆ ನೀಲಿ ವೃತ್ತದಲ್ಲಿ. ನನಗೆ ಬ್ಯಾಟರಿ ಎಂಬ ಹೆಸರು ಬಿದ್ದದ್ದೂ ಅಲ್ಲೇ.

ನಟ ತಡವರಿಸಿದ ಕೂಡಲೇ ಮಾವ ಬಾಯಿ ಬಿಡುತ್ತಿರಲಿಲ್ಲ. ಮನಸ್ಸಿನಲ್ಲೇ ಮೂರರವರೆಗೆ ಎಣಿಸುತ್ತಿದ್ದರು. ಆಮೇಲೂ ಕೊಡುತ್ತಿದ್ದುದು ಎರಡೇ ಪದ.

“ಪೂರ್ತಿ ಹೇಳಿಬಿಡಬಾರದಾ ಮಾವ?”

“ಮೂರನೇದು ಕೊಟ್ಟೆ ಅಂದ್ರೆ ಅವನು ನನ್ನ ಬಾಯಿ ನೋಡ್ತಾನೆ, ಜನ ಅವನ ಪೆಚ್ಚು ಮೋರೆ ನೋಡ್ತಾರೆ. ಎರಡು ಸಾಕು, ಉಳಿದದ್ದು ಅವನ ಹೊಟ್ಟೇಲೇ ಇರುತ್ತೆ.”

ಅಂಕ ಮುಗಿದರೆ ತಪ್ಪದೆ ಒಂದು ಮಾತು: “ಸಾಕು, ಆರಿಸು. ಸೆಲ್ ಹೋಗುತ್ತೆ.”

ಮರುದಿನ ಆಫೀಸಿನಲ್ಲಿ ಫೈಲು ತರಿಸಿ ಬರೆದೆ: ‘ಈ ವ್ಯಾಖ್ಯೆ ನಾನು ಬರೆದದ್ದು. ತಪ್ಪಿದೆ. ತೆರೆಮರೆಯಲ್ಲಿ ದುಡಿದವರನ್ನೂ ಸೇರಿಸಬೇಕು. ಅರ್ಜಿದಾರರಲ್ಲಿ ಒಬ್ಬರು ನನ್ನ ಸೋದರಮಾವ, ಆದ್ದರಿಂದ ಮಂತ್ರಿಗಳ ಸಭೆಯಲ್ಲಿ ನಾನು ಈ ವಿಷಯ ಮಾತಾಡುವುದಿಲ್ಲ.’

ಶಾಖಾಧಿಕಾರಿ ಓದಿ ಕನ್ನಡಕ ತೆಗೆದರು. “ಮೇಡಂ, ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಫೈಲಲ್ಲಿ ‘ತಪ್ಪಿದೆ’ ಅಂತ ಬರೆದವರನ್ನ ಕಂಡಿಲ್ಲ. ‘ಮರುಪರಿಶೀಲಿಸಬಹುದು’ ಅಂತ ಹಾಕಿ. ಯಾರಿಗೂ ನೋವಾಗಲ್ಲ.”

“ಮರುಪರಿಶೀಲಿಸೋ ಹೊತ್ತಿಗೆ ಪುಸ್ತಕ ಅಚ್ಚಾಗಿರುತ್ತೆ.”

“ಹಾಗಾದ್ರೆ ಮಂಡಿಸೋದು ಯಾರು?”

“ನೀವೇ.”

“ನಾನಾ? ಮಂತ್ರಿಗಳ ಮುಂದೆ ನನ್ನ ಹೆಸರೇ ನನಗೆ ನೆನಪಿರಲ್ಲ ಮೇಡಂ.”

ನಾಲ್ಕು ಸಾಲು ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆ. ಮೂರು ದಿನ ಅವರು ಮೆಟ್ಟಿಲು ಹತ್ತುವಾಗ, ಕೈ ತೊಳೆಯುವಾಗ ಗುನುಗುತ್ತಿದ್ದರು.

ಸಭೆಯ ದಿನ ನಮ್ಮ ವಿಷಯ ಕೊನೆಯದು. ಅದು ಬಂದಾಗ ನಾನು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಆ ಬಾಗಿಲ ಚಿಲಕ ಕೆಟ್ಟು ವರ್ಷವಾಗಿದೆ, ನಾಲ್ಕು ಬೆರಳಷ್ಟು ತೆರೆದೇ ಇರುತ್ತದೆ.

“ನಾಟಕ ಕಾಣುವುದು ಎದುರಿಗೆ,” ಶಾಖಾಧಿಕಾರಿಯ ದನಿ. “ನಡೆಯುವುದು ಹಿಂದಿನಿಂದ.”

ಆಮೇಲೆ ಏನೂ ಇಲ್ಲ. ಕಾಗದ ಮಗುಚುವ ಸದ್ದು.

“ಮುಂದೆ?” ಎಂದರು ಮಂತ್ರಿಗಳು. ಯಾರೋ “ಮುಂದಿನ ಸಭೆಗೆ ಇಟ್ಕೊಳ್ಳೋಣ ಸರ್” ಎಂದರು. ಮುಂದಿನ ಸಭೆ ಎರಡು ತಿಂಗಳಿಗೆ. ಅಚ್ಚಿಗೆ ಉಳಿದದ್ದು ಒಂಬತ್ತು ದಿನ.

ಮಾತಾಡುವುದಿಲ್ಲ ಎಂದು ಸಹಿ ಹಾಕಿದವಳು ನಾನು. ಮೂರರವರೆಗೆ ಎಣಿಸಿದೆ. ಬಾಗಿಲ ಸಂದಿಗೆ ಬಾಯಿ ಕೊಟ್ಟು ಹೇಳಿದೆ:

“ಪರದೆ ಎಳೆದವರು...”

“ಪರದೆ ಎಳೆದವರು, ಬಣ್ಣ ಹಚ್ಚಿದವರು, ಮಾತು ಎತ್ತಿಕೊಟ್ಟವರು ಇಲ್ಲದಿದ್ದರೆ ವೇದಿಕೆ ಬರೀ ಹಲಗೆ!” ಶಾಖಾಧಿಕಾರಿ ಒಂದೇ ಉಸಿರಿಗೆ ಮುಗಿಸಿದರು. “ಅವರನ್ನೂ ಸೇರಿಸಬೇಕು.”

ಮಂತ್ರಿಗಳು ನಕ್ಕರು. “ನನ್ನ ಭಾಷಣ ಬರೆಯೋರ ದನಿ ಅಲ್ವೇನ್ರೀ ಅದು? ಸೇರಿಸಿ.”

ನಡವಳಿಯಲ್ಲಿ ‘ಹೊರಗಿನಿಂದ ಧ್ವನಿಯೊಂದು ಕೇಳಿಬಂತು’ ಎಂದು ದಾಖಲಾಯಿತು. ನನಗೆ ಕಾರಣ ಕೇಳುವ ನೋಟಿಸು ಬಂತು. ಮಾತಾಡಿದ್ದು ನಿಜ ಎಂದು ಉತ್ತರ ಬರೆದೆ. ಆ ವರ್ಷದ ಬಡ್ತಿ ಬೇರೆಯವರಿಗೆ ಹೋಯಿತು.

ಕೋಶ ಬಂದಾಗ ನಾನೇ ಒಯ್ದೆ. ಪುಟಗಳು ಆಗಲೇ ಜೋಡಣೆಯಾಗಿದ್ದರಿಂದ ಹೊಸ ಹೆಸರುಗಳು ಕೊನೆಯ ಪುಟದಲ್ಲಿ, ‘ಇತರೆ’ ಎಂಬ ತಲೆಬರಹದ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿದ್ದವು. ಮಾವನ ಕಣ್ಣು ಅಷ್ಟರೊಳಗೆ ಇನ್ನೂ ಮಂಜಾಗಿತ್ತು.

“ನಾನು ಓದಲಾ ಮಾವ?”

“ನೀನ್ಯಾಕೆ ಓದ್ತೀಯ? ಬ್ಯಾಟರಿ ತಾ.”

ಅತ್ತೆ ಕಪಾಟಿನಿಂದ ತಂದುಕೊಟ್ಟರು. ನಾನು ಅವರ ಕಾಲ ಬಳಿ ಕೂತು, ಸಾಲಿನ ಮೇಲೆ ಬೆಳಕು ಹಿಡಿದೆ. ಬೆರಳು ಒಂದೊಂದೇ ಹೆಸರು ದಾಟಿ ನಿಂತಿತು. ಮೊದಲೆರಡು ಅಕ್ಷರಗಳನ್ನು ಮಾವ ಗಟ್ಟಿಯಾಗಿ ಓದಿದರು. ಉಳಿದದ್ದು ಕಂಡಿತೋ ಇಲ್ಲವೋ ನಾನು ಕೇಳಲಿಲ್ಲ.

“ಸಾಕು, ಆರಿಸು,” ಎಂದರು. “ಸೆಲ್ ಹೋಗುತ್ತೆ.”