ರೇವಮ್ಮನಿಗೆ ಏನೇನು ಬರುತ್ತದೆ

ಇದ್ದಲಿನ ಹೊಗೆ ಕಿಟಕಿಯಿಂದ ಒಳಕ್ಕೆ ಬಂದು ನನ್ನ ಸೆರಗಿನ ಮೇಲೆ ಕೂರುತ್ತಿದೆ, ಕಪ್ಪು ಅಂದುಕೊಂಡರೆ ಕಪ್ಪಲ್ಲ, ಹತ್ತಿರದಿಂದ ನೋಡಿದರೆ ನೀಲಿ, ಅಂಚಿನಲ್ಲಿ ಒಂದಿಷ್ಟು ಕಂದು — ಇದನ್ನು ಗೋಂದಿಗೆ ಕಲೆಸಿ ಬಟ್ಟೆಯ ಮೇಲೆ ಎಳೆದರೆ ಯಾವ ಬಣ್ಣ ನಿಲ್ಲುತ್ತದೋ, ಜಾಲಿಯ ಇದ್ದಲಿಗೂ ಹಲಸಿನ ಇದ್ದಲಿಗೂ ಒಂದೇ ಬಣ್ಣ ಇರಲಾರದು, ಚನ್ನರಾಯಪಟ್ಟಣದಲ್ಲಿ ಬಸ್ಸಿನ ಹಿಂದಿನ ಒಲೆಗೆ ಗಾಳಿ ಹಾಕುತ್ತಿದ್ದವನನ್ನು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅಣ್ಣಯ್ಯ ಮೊಣಕೈ ಹಿಡಿದು ಹತ್ತಿಸಿಬಿಟ್ಟ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಬಸ್ಸುಗಳೂ ಇದ್ದಲು ತಿಂದು ಓಡುವುದನ್ನು ಕಲಿತಿವೆ, ದಿಣ್ಣೆ ಬಂದರೆ ಮಾತ್ರ ಉಬ್ಬಸ, ಶಾಂತಿಗ್ರಾಮದ ಹತ್ತಿರ ಗಂಡಸರನ್ನೆಲ್ಲ ಇಳಿಸಿ ನಡೆಸಿದರು, ಅಣ್ಣಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬಸ್ಸಿನ ಪಕ್ಕದಲ್ಲೇ ಬರುತ್ತಾ ಕಿಟಕಿಯಿಂದಲೇ ಹೇಳುತ್ತಾನೆ, ಮೂರನೇ ಸಲ, ನೋಡು ರೇವಿ, ಅಲ್ಲಿ ಕೇಳ್ದಾಗ ಒಲಿಗೆ ಬತ್ತದೆ ಅಂತ ಏಳು, ಅಷ್ಟೇ, ಬ್ಯಾರೆ ಏನೂ ಬಾಯ್ಬುಡಬ್ಯಾಡ ಕಣವ್ವ, ಎಲ್ಲಾ ಬತ್ತದೆ ಅಂದೋರ್ಗೆ ಏನೂ ಬರಾಕಿಲ್ಲ ಅಂತ ತಿಳ್ಕತಾರೆ. ಆಗಲಿ ಅಣ್ಣಯ್ಯ, ಹೊಲಿಗೆ ಅಂತಲೇ ಹೇಳ್ತೀನಿ ಅಂದೆ. ಬಾಗೂರಿನ ಬಟ್ಟೆ ಅಂಗಡಿಯ ಬಾಗಿಲು ಹಾಕಿಕೊಂಡು ನನ್ನ ಜೊತೆ ಬಂದಿದ್ದಾನೆ, ತಂಗಿ ಹಾಸನದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಸುಬಿನ ಮೇಡಂ ಆಗುತ್ತಾಳೆ ಅಂತ ನನಗಿಂತ ಅವನಿಗೇ ಆಸೆ, ಶಾಲೆಯ ಹಿಂದೆ ಇರಲಿಕ್ಕೆ ಒಂದು ಕೋಣೆಯನ್ನೂ ಕೊಡುತ್ತಾರಂತೆ — ನನಗೆ ಆ ಕೋಣೆಯ ಮೇಲೆ ಆಸೆ. ಗಂಡ ಹೋದಮೇಲೆ ನಾಲ್ಕು ವರ್ಷ ಅಣ್ಣಯ್ಯನ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗಲಿಲ್ಲ, ಅತ್ತಿಗೆಯೂ ಕೆಟ್ಟವಳಲ್ಲ, ಆದರೆ ಅರ್ಧ ಮಾಡಿದ್ದನ್ನು ಅರ್ಧವಾಗಿಯೇ ಬಿಟ್ಟು ಮಲಗುವಂಥ ಒಂದು ಮೂಲೆ ಆ ಮನೆಯಲ್ಲಿ ಇಲ್ಲ, ಅರ್ಧ ಹೆಣೆದ ಬುಟ್ಟಿ ಅಟ್ಟದ ಮೇಲೆ, ಮಣ್ಣಿನ ಬೊಂಬೆ ಹಿತ್ತಿಲ ಬೂದಿಯ ಪಕ್ಕ, ಬಣ್ಣದ ಕರಟಗಳು ಮಂಚದ ಕೆಳಗೆ, ಕಳ್ಳಿಯ ಹಾಗೆ ಬದುಕುತ್ತಿದ್ದೇನೆ, ಕದ್ದದ್ದು ಯಾವುದೂ ಇಲ್ಲ.

ಇದೆಲ್ಲ ಯಾವಾಗ ಶುರುವಾಯಿತು ಅಂತ ಹುಡುಕಿದರೆ ಹೊಳೆನರಸೀಪುರವೇ ನೆನಪಾಗುತ್ತದೆ, ಮದುವೆಯಾಗಿ ಹೋದ ಮನೆಯಲ್ಲಿ ಹಾರ್ಮೋನಿಯಂ ಒಂದಿತ್ತು, ಯಾರಿಗೂ ನುಡಿಸಲು ಬರುತ್ತಿರಲಿಲ್ಲ, ಮಾವನವರು ಯಾವುದೋ ಸಾಲಕ್ಕೆ ಬದಲಾಗಿ ತಂದಿಟ್ಟದ್ದು, ನಾನು ಮಧ್ಯಾಹ್ನ ಎಲ್ಲರೂ ಮಲಗಿದಾಗ ಮುಚ್ಚಳ ತೆಗೆದು ಕಪ್ಪು ಬಿಳಿ ಮನೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದೆ, ಗಾಳಿ ಹೇಗೆ ಧ್ವನಿಯಾಗುತ್ತದೆ ಅಂತ, ಒಂದು ದಿನ ಒಳಗಿನ ಹಿತ್ತಾಳೆ ನಾಲಿಗೆಗಳನ್ನೇ ಬಿಚ್ಚಿ ಚಾಪೆಯ ಮೇಲೆ ಸಾಲಾಗಿ ಜೋಡಿಸಿದ್ದೆ, ಅವರು ಬಂದು ನೋಡಿದರು — ನನ್ನ ಯಜಮಾನರು — ಬಯ್ಯಲಿಲ್ಲ, ಪಕ್ಕದಲ್ಲಿ ಕೂತು ಮತ್ತೆ ಅದದೇ ಜಾಗಕ್ಕೆ ಸೇರಿಸ್ತೀಯೋ ಇಲ್ವೋ ನೋಡೋಣ ಅಂದರು, ಸೇರಿಸಿದೆ, ಒಂದು ಮಾತ್ರ ಮೂಗಿನಲ್ಲಿ ಹಾಡುವ ಹಾಗೆ ಆಯಿತು, ಅದು ನುಡಿದಾಗಲೆಲ್ಲ ಅವರು ನಗುತ್ತಿದ್ದರು. ಅತ್ತೆಗೆ ನಗು ಬರುತ್ತಿರಲಿಲ್ಲ, ಹೇಮಾವತಿಯ ದಂಡೆಯಿಂದ ಮಡಿಲು ತುಂಬ ಜೇಡಿ ಮಣ್ಣು ತಂದ ದಿನ ಬಾಗಿಲಲ್ಲೇ ನಿಲ್ಲಿಸಿದರು, ಎಲ್ಲದಕ್ಕೂ ಕೈ ಆಕ್ತೀಯಲ್ಲವ್ವ, ಒಂದನ್ನಾದ್ರೂ ಪೂರ್ತಿ ಮಾಡೀಯಾ, ಅಂದರು, ಅದು ಬೈಗುಳವಾಗಿರಲಿಲ್ಲ, ನಿಜವಾಗಿ ಕೇಳಿದ ಪ್ರಶ್ನೆ, ಅದಕ್ಕೇ ಇಷ್ಟು ವರ್ಷ ಒಳಗೆ ಕೂತಿದೆ. ಅದಕ್ಕೂ ಮುಂಚೆ, ಹತ್ತು ವರ್ಷದವಳಿದ್ದಾಗ, ಅಪ್ಪಯ್ಯ ಹಾಸನಕ್ಕೆ ಬಂದವರು ಗಾಡಿಯಲ್ಲಿ ಮೊಸಳೆ ಅನ್ನುವ ಊರಿಗೆ ಕರೆದುಕೊಂಡು ಹೋಗಿದ್ದರು, ಅಕ್ಕಪಕ್ಕದಲ್ಲಿ ಎರಡು ಗುಡಿ, ಅವಳಿ ಮಕ್ಕಳ ಹಾಗೆ, ಗೋಡೆಯ ಮೇಲೆ ಮೃದಂಗ ಹಿಡಿದ ಹೆಂಗಸು, ಮೃದಂಗದ ಹಗ್ಗ ಎಲ್ಲಿ ಬಿಗಿ ಎಲ್ಲಿ ಸಡಿಲ ಅನ್ನುವುದೂ ಕಲ್ಲಿನಲ್ಲಿತ್ತು, ಅಪ್ಪಯ್ಯ, ಕೆತ್ತಿದೋನಿಗೆ ಮೃದಂಗ ಬಾರ್ಸಕೂ ಬತ್ತಿತ್ತಾ ಅಂತ ಕೇಳಿದೆ, ಕೆತ್ತೋನು ಕೆತ್ತಾನೆ, ಬಾರ್ಸೋನು ಬಾರ್ಸ್ತಾನೆ, ನಡಿ ಮಗ, ಒತ್ತಾಯ್ತು ಅಂದರು, ಆದರೆ ಬಾರಿಸದವನ ಕೈಗೆ ಆ ಹಗ್ಗದ ಬಿಗಿ ಹೇಗೆ ತಿಳಿಯಿತು, ಇವತ್ತಿಗೂ ನನಗೆ ಯಾರೂ ಹೇಳಿಲ್ಲ.

ಹಾಸನ ಬಂತು, ಶಾಲೆಯ ಜಗಲಿ, ಕಡಪಾ ಕಲ್ಲು ತಣ್ಣಗಿದೆ, ಅಣ್ಣಯ್ಯ ಗೇಟಿನ ಹತ್ತಿರವೇ ನಿಂತ, ಹೊರಗಿನ ಗಂಡಸರನ್ನು ಒಳಕ್ಕೆ ಬಿಡುವುದಿಲ್ಲ ಅಂದರು. ಜಗಲಿಯಲ್ಲಿ ನನಗಿಂತ ಮುಂಚೆ ಒಬ್ಬರು ಬಂದು ಕೂತಿದ್ದಾರೆ, ನಲವತ್ತರ ಹತ್ತಿರದ ಹೆಂಗಸು, ಹೆಸರು ಹೊನ್ನಕ್ಕ, ಅರಕಲಗೂಡಿನವರು, ಹದಿನೈದು ವರ್ಷದಿಂದ ಹೊಲಿಗೆಯೊಂದೇ ಕೆಲಸವಂತೆ, ಮಿಷನ್ನು ತುಳಿದು ತುಳಿದು ಪಾದದ ಒಂದು ಪಕ್ಕ ಗಟ್ಟಿಯಾಗಿದೆ, ಮಡಿಲಲ್ಲಿ ತಾವು ಹೊಲಿದ ರವಿಕೆಯೊಂದನ್ನು ಮಡಿಸಿ ಇಟ್ಟುಕೊಂಡಿದ್ದಾರೆ, ಅದರ ಗುಂಡಿಯ ಕಾಜ — ಅಯ್ಯೋ, ಕಾಜದ ಮೂಲೆ ನೋಡಿದೆ, ದಾರ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಗೊತ್ತೇ ಆಗುವುದಿಲ್ಲ, ಇರುವೆ ಕಣ್ಣಿನ ಹಾಗಿದೆ, ಈ ಕೆಲಸ ಇವರದೇ, ಆ ಕೋಣೆ ಇವರದೇ, ಆದರೂ ಬಾಯಿ ಕೇಳಿಬಿಟ್ಟಿತು, ಹೊನ್ನಕ್ಕ, ಈ ಮೂಲೆ ಹೆಂಗೆ ತಿರುಗಿಸಿದ್ರಿ. ಅವರು ನನ್ನನ್ನೇ ನೋಡಿದರು, ನಿಮ್ಗೂ ಇದೇ ಕೆಲ್ಸ ಬೇಕು, ನನ್ನೇ ಕೇಳ್ತೀರಲ್ಲವ್ವ ಅಂದರು, ಕೆಲ್ಸ ಆಮೇಲೆ, ಮೂಲೆ ತೋರಿಸಿ ಅಂದೆ, ಸೊಂಟದ ಚೀಲದಿಂದ ಸೂಜಿ ತೆಗೆದರು, ಮೂಲೆಗೆ ಬಂದಾಗ ಬಟ್ಟೆ ತಿರುಗಿಸಬ್ಯಾಡಿ, ಬೆರಳು ತಿರುಗಿಸಿ ಅಂದರು, ಓ, ಬೆರಳು, ಬುಟ್ಟಿಯ ಬಾಯಿ ಕಟ್ಟುವಾಗಲೂ ಹಾಗೇ ಅಲ್ಲವೇ, ಬುಟ್ಟಿ ನಿಂತಿರುತ್ತದೆ ಬೆರಳು ಸುತ್ತುತ್ತದೆ, ಹಾಗಂತ ಹೇಳಿದೆ, ಹೊನ್ನಕ್ಕನಿಗೆ ಬುಟ್ಟಿ ಗೊತ್ತಿಲ್ಲ, ಆದರೆ ಕಣ್ಣು ಸಣ್ಣಗೆ ಮಾಡಿ ಗಾಳಿಯಲ್ಲೇ ಬೆರಳು ಸುತ್ತಿ ನೋಡಿದರು, ಅಂಗಾ, ಅಂದರು. ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಕೋಣೆಯಲ್ಲಿ ಇಬ್ಬರು, ಮೇಜಿನ ಹಿಂದೆ ಮೈಸೂರಿಂದ ಬಂದಿರುವ ಇನ್‌ಸ್ಪೆಕ್ಟರಮ್ಮ, ತೋಳಿನ ತುದಿಗೆ ಕಸೂತಿ ಇರುವ ರವಿಕೆ, ಗಟ್ಟಿ ಗದ್ದ, ಪಕ್ಕದಲ್ಲಿ ಹೆಡ್‌ಮಾಸ್ಟರು ಈಶ್ವರಯ್ಯನವರು, ಹಣೆಯ ಮೇಲೆ ವಿಭೂತಿ, ಬಲಗೈ ಬೆರಳುಗಳು ಮೇಜಿನ ಅಂಚಿನ ಮೇಲೆ ಸುಮ್ಮನಿರಲಾರದೆ ಏನೋ ಲೆಕ್ಕ ಹಾಕುತ್ತಿವೆ. ನಮ್ಮಿಬ್ಬರಿಗೂ ಒಂದೊಂದು ತುಂಡು ಬಟ್ಟೆ ಕೊಟ್ಟು ಕಾಜ ಮಾಡಿಸಿದರು, ಗೋಡೆ ಗಡಿಯಾರ ಟಿಕ್ಕೆನ್ನುತ್ತಿತ್ತು, ಎರಡನ್ನೂ ಇನ್‌ಸ್ಪೆಕ್ಟರಮ್ಮ ಬೆಳಕಿಗೆ ಹಿಡಿದರು, ಅವರು ಹೇಳುವ ಮುಂಚೆ ನಾನೇ ಹೇಳಿದೆ, ಹೊನ್ನಕ್ಕನದೇ ಚೆನ್ನಾಗಿದೆ ಅಮ್ಮ. ಹಾಗಾದ್ರೆ ನಿಮಗೆ ಏನು ಬರುತ್ತೆ ಅಂದರು, ಹೊಲಿಗೆ ಅಂತ ಹೇಳಬೇಕಿತ್ತು, ಅಣ್ಣಯ್ಯ ಗೇಟಿನಲ್ಲಿ ನಿಂತಿದ್ದಾನೆ, ಆಗಲಿ ಅಂತ ಮೂರು ಸಲ ಮಾತು ಕೊಟ್ಟಿದ್ದೇನೆ, ಆದರೆ ಹೊಲಿಗೆಯೊಂದೇ ಅನ್ನುವುದು ಸುಳ್ಳು, ಹೊಲಿಗೆ ಚೆನ್ನಾಗಿ ಬರುತ್ತದೆ ಅನ್ನುವುದೂ ಈ ಮೇಜಿನ ಮೇಲೆಯೇ ಸುಳ್ಳಾಗಿದೆ, ಹೊಲೀತೀನಿ, ಬುಟ್ಟಿ ಹೆಣೀತೀನಿ, ನಾಟಕದ ಪರದೆಗೆ ಬಣ್ಣ ಬಳಿಯೋದು ನೋಡಿ ಕಲ್ತಿದೀನಿ, ಹಾರ್ಮೋನಿಯಂ ನುಡಿಸ್ತೀನಿ, ಕೆಟ್ಟರೆ ಬಿಚ್ಚಿ ಸರಿ ಮಾಡ್ತೀನಿ, ಮಣ್ಣಲ್ಲಿ ಬೊಂಬೆ ಮಾಡ್ತೀನಿ, ಹಾಡು ಕಟ್ತೀನಿ — ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ನನಗೇ ಸಣ್ಣಗೆ ಕೇಳಿಸಿತು. ಎಲ್ಲ ಸ್ವಲ್ಪಸ್ವಲ್ಪ ಅನ್ನಿ, ಅಂದರು ಈಶ್ವರಯ್ಯನವರು, ತಪ್ಪಾಗಿ ಅನ್ನಲಿಲ್ಲ, ಅತ್ತೆ ಕೇಳಿದ ಹಾಗೇ ಕೇಳಿದರು, ಅದೇ ಪ್ರಶ್ನೆ ಈಗ ಗಂಡು ಧ್ವನಿಯಲ್ಲಿ.

ಬೆಟ್ಟಮ್ಮ ಹೇಗೆ ನೆನಪಾದಳೋ. ನಮ್ಮೂರಲ್ಲಿ ಕೂಲಿಗೆ ಹೋಗೋ ಹೆಂಗಸು ಒಬ್ಬಳಿದಾಳೆ ಸಾ, ಬೆಟ್ಟಮ್ಮ ಅಂತ, ಅವಳೇ ನಂಗೆ ಬುಟ್ಟಿ ಕಲಿಸಿದ್ದು, ನಾನು ಅವಳಿಗೆ ಹೊಲಿಗೆ ಕಲಿಸ್ತೀನಿ ಅಂದಿದ್ದೆ, ಸೂಜಿಯನ್ನ ಒಂದು ಹೆಜ್ಜೆ ಹಿಂದಕ್ಕೆ ಹಾಕಿ ಮುಂದಕ್ಕೆ ತರೋ ಹೊಲಿಗೆ ಇದೆಯಲ್ಲ, ಅದು ಮಾತ್ರ ಅವಳ ಕೈಗೆ ಹತ್ತಲಿಲ್ಲ, ಎರಡು ತಿಂಗಳು, ಮುಂದಕ್ಕೋಗಬೇಕಾದೋಳು ಇಂದಕ್ಯಾಕೆ ಓಗ್ಲಿ ಅನ್ನೋಳು, ಒಂದಿನ ಕೆರೆ ಕೆಳಗಿನ ಗದ್ದೇಲಿ ಅವಳು ನಾಟಿ ಹಾಕೋದು ನೋಡಿದೆ, ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ಬರ್ತಾಳೆ, ಪೈರು ಮಾತ್ರ ಅವಳ ಮುಂದೆ ತುಂಬ್ತಾ ಹೋಗುತ್ತೆ, ಬದುವಿನ ಮೇಲಿಂದಲೇ ಕೂಗಿದೆ, ಬೆಟ್ಟಮ್ಮ, ಸೂಜಿನೂ ನಾಟಿ ಹಾಕ್ತದೆ ಕಣೇ, ಅವಳು ಸೊಂಟ ನೆಟ್ಟಗೆ ಮಾಡಿ ನಿಂತು ತಾನು ನೆಟ್ಟ ಸಾಲು ನೋಡಿದಳು, ಅವತ್ತು ಸಾಯಂಕಾಲ ಬಂದು ಒಂದು ಗೇಣು ಹೊಲಿದಳು ಸಾ, ಒಂದೂ ತಪ್ಪಿಲ್ಲ. ನಂಗೆ ಹೊಲಿಗೆ ಹೊನ್ನಕ್ಕನಷ್ಟು ಬರಲ್ಲ, ಬುಟ್ಟಿ ಬೆಟ್ಟಮ್ಮನಷ್ಟು ಬರಲ್ಲ, ಆದರೆ ಒಂದರಲ್ಲಿ ಸಿಕ್ಕಿಕೊಂಡೋರಿಗೆ ಇನ್ನೊಂದರಿಂದ ದಾರಿ ಹೇಳಕ್ಕೆ ಬರುತ್ತೆ. ಎಷ್ಟು ಮಾತಾಡಿಬಿಟ್ಟೆ, ಹೊನ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಇನ್‌ಸ್ಪೆಕ್ಟರಮ್ಮ ಸೂಜಿ ದಾರವನ್ನು ಎತ್ತಿ ಈಶ್ವರಯ್ಯನವರ ಮುಂದೆ ಇಟ್ಟರು, ಹಾಗಾದ್ರೆ ಇವರಿಗೆ ಕಲಿಸಿ, ಆ ಹಿಂದಕ್ಕೆ ಹಾಕೋ ಹೊಲಿಗೇನೇ, ಅಂದರು, ತಮಾಷೆಯಲ್ಲ, ಮುಖ ಗಂಭೀರವಾಗಿಯೇ ಇತ್ತು. ನನಗೆ ಗುಂಡಿ ಹಾಕೋಕೂ ಬರಲ್ಲಮ್ಮ, ಮನೇಲಿ ನನ್ನ ಹೆಂಡತಿನೇ ಹಾಕೋದು, ಅಂತ ಅವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು, ಆದರೆ ಬೆರಳು ನಿಂತಿರಲಿಲ್ಲ, ಮೇಜಿನ ಅಂಚಿನ ಮೇಲೆ, ಕಿರುಬೆರಳು ಹೆಬ್ಬೆರಳು, ಮೂರು ಮೂರು ಏಟು, ನಡುವೆ ಬಿಡುವು, ಲೆಕ್ಕವಲ್ಲ ಅದು, ತಾಳ, ಹಾರ್ಮೋನಿಯಂ ಮುಂದೆ ಕೂತಿರದಿದ್ದರೆ ನನಗೆ ಅದು ಬರೀ ಬೆರಳಾಟವಾಗಿರುತ್ತಿತ್ತು, ಸಾ, ನೀವು ಮೃದಂಗ ಬಾರಿಸ್ತೀರಾ ಅಂದೆ, ಅವರ ಕೈ ಗಕ್ಕನೆ ನಿಂತಿತು, ಚಿಕ್ಕವನಿದ್ದಾಗ, ಈಗಿಲ್ಲ, ಅಂದರು, ಹೆಡ್‌ಮಾಸ್ಟರ ಧ್ವನಿಯಲ್ಲಿ ಅಲ್ಲ. ತಕಿಟ ಅನ್ನಿ ಸಾ, ತ ಅಂದಾಗ ಸೂಜಿ ಮೇಲಿಂದ ಒಂದು ಹಿಂದಕ್ಕೆ, ಕಿಟ ಅಂದಾಗ ಅಡಿಯಿಂದ ಎರಡು ಮುಂದಕ್ಕೆ, ಕೈ ನೋಡಬೇಡಿ, ತಾಳ ಕೇಳಿ. ತ, ಅಂದರು, ಸೂಜಿ ಬೆರಳಿಗೆ ಚುಚ್ಚಿತು, ಬೆರಳನ್ನು ಬಾಯಲ್ಲಿಟ್ಟುಕೊಂಡು ಮತ್ತೆ ತ, ಕಿಟ, ತ, ಕಿಟ, ಬಾಯಿ ಮೆಲ್ಲಗೆ ಹೇಳುತ್ತಾ ಬಂತು, ಕಣ್ಣು ಎಲ್ಲೋ ದೂರದಲ್ಲಿ, ಏಳನೆಯದಕ್ಕೋ ಎಂಟನೆಯದಕ್ಕೋ ಬಂದಾಗ ನಾನು ಜೊತೆಗೆ ಹೇಳುವುದನ್ನು ನಿಲ್ಲಿಸಿದ್ದೆ, ಅವರು ನಿಲ್ಲಿಸಿರಲಿಲ್ಲ, ಆಮೇಲೆ ಬಟ್ಟೆಯನ್ನು ತಿರುಗಿಸಿ ನೋಡಿದರು, ವಕ್ರವಾಗಿತ್ತು, ಆದರೆ ಒಂದರ ಬೆನ್ನಿಗೆ ಒಂದು, ಸಾಲು ಕಡಿದಿರಲಿಲ್ಲ, ಬಟ್ಟೆಯ ತುಂಡನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು.

ಹೊಲಿಗೆಯ ಕೆಲಸ ಹೊನ್ನಕ್ಕನಿಗೆ, ಅಂದರು ಇನ್‌ಸ್ಪೆಕ್ಟರಮ್ಮ, ಅದರಲ್ಲಿ ಎರಡು ಮಾತಿಲ್ಲ, ಕೋಣೆಯೂ ಅವರದೇ, ಹೊನ್ನಕ್ಕನ ಕಣ್ಣಲ್ಲಿ ನೀರು, ನನಗೂ ಬರಬೇಕಿತ್ತು, ಬರಲಿಲ್ಲ, ಕೋಣೆ ಹೋಯಿತು ಅಂತ ಮಾತ್ರ ಎದೆಯ ಒಳಗಡೆ ಯಾರೋ ಮೆತ್ತಗೆ ಹೇಳಿದರು, ಕರಟಗಳು ಮಂಚದ ಕೆಳಗೇ ಇರುತ್ತವೆ, ಅಣ್ಣಯ್ಯನಿಗೆ ಏನು ಹೇಳಲಿ. ನೀವು ಇರಿ, ಅಂದರು, ಎದ್ದವಳು ಕೂತೆ, ಹಾಸನದಲ್ಲಿ ಈ ಶಾಲೆ, ಹೊಳೆನರಸೀಪುರದಲ್ಲಿ ಒಂದು, ಅರಕಲಗೂಡಲ್ಲಿ ಒಂದು, ಮೂರೂ ಕಡೆ ಕಲಿಯಕ್ಕಾಗದೆ ಬಿಟ್ಟು ಹೋಗೋ ಹುಡುಗೀರು ಇದಾರೆ, ಅವರಿಗೆ ನೀವು ಕಲಿಸಿ, ಒಂದೊಂದು ಕಡೆ ತಿಂಗಳಿಗೆ ಹತ್ತು ಹತ್ತು ದಿನ, ಆರು ತಿಂಗಳು, ನಾನು ಮೇಲಕ್ಕೆ ಬರೆದು ನೋಡ್ತೀನಿ, ಬರೆದರೆ ಇಲ್ಲ ಅನ್ನಲ್ಲ, ಆದರೆ ಒಂದಿದೆ, ಅಂದರು, ಹೊಸ ಹಾಳೆ ಎಳೆದುಕೊಂಡರು, ದೌತಿಗೆ ಲೇಖನಿ ಅದ್ದಿದರು, ಯಾವ ಕೆಲಸದ ಮೇಡಂ ಅಂತ ಬರೀಲಿ, ಒಂದು ಪದ ಹೇಳಿ, ಹೆಸರಿಲ್ಲದ ಕೆಲಸಕ್ಕೆ ಯಾರೂ ರುಜು ಹಾಕಲ್ಲ. ಒಂದು ಪದ. ಹೊಲಿಗೆ ಅಲ್ಲ, ಅದು ಹೊನ್ನಕ್ಕನದು, ಚಿತ್ರ ಅಲ್ಲ, ಸಂಗೀತ ಅಲ್ಲ, ಬುಟ್ಟಿ ಅಂದರೆ ನಗುತ್ತಾರೆ, ಲೇಖನಿ ಹಾಳೆಯ ಮೇಲೆ ನಿಂತಿದೆ, ನಿಬ್ಬಿನ ತುದಿಯಲ್ಲಿ ಮಸಿಯ ಹನಿ ತುಂಬಿಕೊಳ್ಳುತ್ತಿದೆ — ಕಸುಬು ಅಂದರೆ ಯಾವ ಕಸುಬು ಅಂತಾರೆ, ಎಲ್ಲ ಅಂದರೆ ಏನೂ ಇಲ್ಲ ಅಂತಾರೆ, ಅಣ್ಣಯ್ಯ ಹೇಳಿದ್ದು ನಿಜವೇ, ಆದರೂ — ಹನಿ ದಪ್ಪಗಾಯಿತು, ಅದರೊಳಗೆ ಕಿಟಕಿ ಕಾಣುತ್ತಿದೆ, ಅಷ್ಟು ಸಣ್ಣದರಲ್ಲಿ ಅಷ್ಟು ದೊಡ್ಡ ಕಿಟಕಿ ಹೇಗೆ ಹಿಡಿಯಿತು — ಜಾಗ ಬಿಟ್ಟು ಬರೀರಿ ಅಮ್ಮ, ಅಂದೆ, ನನ್ನ ಬಾಯಿಂದಲೇ ಬಂತು, ಆರು ತಿಂಗಳಲ್ಲಿ ಆ ಹುಡುಗೀರು ನನ್ನ ಏನಂತ ಕರೀತಾರೋ ಅದನ್ನ ಆಮೇಲೆ ತುಂಬೋಣ. ಈಶ್ವರಯ್ಯನವರ ಕೈ ಜೇಬಿನ ಮೇಲಿದೆ, ಇನ್‌ಸ್ಪೆಕ್ಟರಮ್ಮ ಕೈ ಎತ್ತಿಲ್ಲ, ಇಳಿಸಿಲ್ಲ, ಹನಿ ನಿಬ್ಬಿನ ತುದಿಗೆ ಬಂದಿದೆ, ದುಂಡಗೆ, ನಡುಗುತ್ತಾ, ಕಿಟಕಿಯನ್ನು ಹೊತ್ತುಕೊಂಡು, ಹನಿ, ಇನ್ನೂ ಬಿದ್ದಿಲ್ಲ, ಹನಿ