ಚಾವಣಿಗೆ ಹೆದರಿದ ಸಂಗೀತ

ಯಾರ್ರೋ ಅದು, ಗ್ರೂಪಲ್ಲಿ ಹಾಕಿದ್ದು, "ತಾತನ ನಗಾರಿ ಕಥೆ ಸಲ ಸಲಕ್ಕೂ ಬೆಳೆಯುತ್ತೆ" ಅಂತ? ಕನ್ನಡಕ ಎಲ್ಲಿಟ್ಟೆ ಅಂತ ನನಗೆ ನೆನಪಿರಲ್ಲ, ಒಪ್ಕೋತೀನಿ. ಕನ್ನಡಕಕ್ಕೂ ನಗಾರಿಗೂ ಏನು ನೆಂಟಸ್ತಿಕೆ? ತೆಪ್ಪಗೆ ಕೇಳಿ.

ಆಗ ನಾನು ಊರಿನ ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾದಲ್ಲಿ ತಾಮ್ರದ ಜೋಡಿ ನಗಾರಿ ಬಾರಿಸ್ತಿದ್ದೆ. ನನ್ನ ಹಿರಿಮಗಳು, ನಿಮ್ಮ ದೊಡ್ಡಮ್ಮ, ಅದೇ ಆರ್ಕೆಸ್ಟ್ರಾನ ಕೋಲು ಹಿಡಿದು ನಡೆಸೋಕೆ ಬಂದ್ಲು. ಕೆಲಸ ಕಾಯಂ ಅಲ್ಲ. ನಮ್ಮ ಮ್ಯಾನೇಜರ್ರು, ಸದಾ ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡಿರೋರು, "ಒಂದು ಕಾರ್ಯಕ್ರಮ ನಡೆಸಿಕೊಡಮ್ಮ. ಜನ ಆಕಳಿಸಿದ್ರೆ ಬ್ಯಾಗ್ ಎತ್ಕೊಂಡು ಹೊರಡು" ಅಂದಿದ್ರು.

ಇವಳು ಆರಿಸಿದ್ದೇನು? ಪ್ರಪಂಚಕ್ಕೇ ಗೊತ್ತಿರೋ ಒಬ್ಬ ಸಂಗೀತಗಾರ ಬರೆದ ಓವರ್ಚರ್. ಅಂದ್ರೆ ನಾಟಕದ ಪರದೆ ಏಳೋ ಮುಂಚೆ ನುಡಿಸೋ ಪೀಠಿಕೆ ಸಂಗೀತ. ಅವನ ಹೆಸರು ಹೇಳಲ್ಲ, ಹೇಳಿದ್ರೆ ಈ ಕ್ಷಣ ಫೋನಲ್ಲಿ ಹುಡುಕೋಕೆ ಕೂರ್ತೀರ. ಅವನ ಬೇರೆಲ್ಲ ಸಂಗೀತಕ್ಕೆ ಜನ ಮುಗಿಬೀಳ್ತಾರೆ, ಇದೊಂದನ್ನ ಮಾತ್ರ ನಾವು ಬೀರುವಿನ ತಳಕ್ಕೆ ತಳ್ಳಿದ್ವಿ.

"ಬೇಡ ಮಗಳೇ, ಪಾಪ, ಅದನ್ನ ನಿದ್ದೆಗಣ್ಣಲ್ಲಿ ಬರೆದಿದಾನೆ" ಅಂದೆ.

"ಅಪ್ಪ, ನಾನು ಹೊಸದಾಗಿ ಅಚ್ಚಾದ ಪ್ರತಿ ತರಿಸಿ ಓದಿದೀನಿ. ಓದ್ತಾ ಓದ್ತಾ ಕೂರೋಕೇ ಆಗ್ಲಿಲ್ಲ, ಎದ್ದು ಕುಣಿದೆ."

ಅಭ್ಯಾಸ ಶುರುವಾಯ್ತು. ಕುಣಿತ ಎಲ್ಲಿಂದ ಬರ್ಬೇಕು? ಕೆಸರಲ್ಲಿ ಎಮ್ಮೆ ನಡೆದ ಹಾಗೆ ಹೋಗ್ತಿದೆ. ಇವಳು ಬೇಗ ಬೇಗ ಅಂತ ಕೋಲು ಬೀಸ್ತಾಳೆ, ಪಿಟೀಲಿನವರು ನಿಧಾನಕ್ಕೆ ಎಳೀತಾರೆ. ಕೊನೇ ಪುಟಕ್ಕೆ ಬಂದಾಗ ನನ್ನ ಕಡೆ ಕೈ ಎತ್ತಿದ್ಲು. ನಾನು ಸುಮ್ಮನಿದ್ದೆ.

"ಅಪ್ಪಾ, ಬಾರಿಸಿ!"

"ಎಲ್ಲಿ ಬರೆದಿದೆ?"

"ನಿಮ್ಮ ಮೂಗಿನ ಕೆಳಗೇ!"

"ನನ್ನ ಮೂಗಿನ ಕೆಳಗೆ 'ಸುಮ್ಮನಿರು' ಅಂತಿದೆ ಕಣಮ್ಮ!"

ದಡದಡ ಇಳಿದು ಬಂದು ನೋಡಿದ್ಲು. ಅಚ್ಚಲ್ಲಿ ಪುಟದ ತುಂಬ ನಗಾರಿ! ಅದರ ಮೇಲೆ ದಪ್ಪ ನೀಲಿ ಪೆನ್ಸಿಲಲ್ಲಿ ಗೀಟು, ಸುಮ್ಮನಿರು. ಎಲ್ಲರ ಹಾಳೆ ಮೇಲೂ ಅದೇ ನೀಲಿ, ಮೆತ್ತಗೆ, ನಿಧಾನ. ನಮ್ಮಲ್ಲಿ ಹಿಂದಿನವರ ಪೆನ್ಸಿಲ್ ಗುರುತು ಅಳಿಸೋ ಹಾಗಿಲ್ಲ. ಅಚ್ಚನ್ನ ಅನುಮಾನಿಸಿದ್ರೂ ಪೆನ್ಸಿಲನ್ನ ಅನುಮಾನಿಸ್ತಿರಲಿಲ್ಲ ನಾವು.

"ಇದು ಯಾರ ಕೈಬರಹ?"

ನಮಗೆಲ್ಲ ಹಿರಿಯ, ಕೊಳಲಜ್ಜ, ಹೊಟ್ಟೆ ಹಿಡ್ಕೊಂಡು ನಗೋಕೆ ಶುರುಮಾಡಿದ. "ಹಿಂದೆ ಕೋಲು ಹಿಡೀತಿದ್ದ ಹಳೇ ಮೇಷ್ಟ್ರದ್ದು! ಹಳೇ ಹಾಲ್ ಚಾವಣಿ ಶಿಥಿಲ ಆಗಿತ್ತು ಕಣ್ರಪ್ಪ. ನಗಾರಿಗೆ ಜೋರು ಪೆಟ್ಟು ಬಿದ್ರೆ ಗಾರೆ ಉದುರೋದು. ಒಂದ್ಸಲ ಇದನ್ನೇ ನುಡಿಸ್ತಿದ್ದಾಗ ಮೇಷ್ಟ್ರ ಬೋಳುತಲೆ ಮೇಲೇ ಬಿತ್ತು. ಅವತ್ತೇ ಎಲ್ಲರಿಗೂ ಗೀಟು ಎಳೆದುಬಿಟ್ರು!"

ನಾನು ಸೇರೋ ಮುಂಚೇನೇ ಆ ಹಾಲ್ ಬಿಟ್ಟಾಗಿತ್ತು! ಗಾರೆ ಅಲ್ಲೇ ಉಳೀತು, ಭಯ ಮಾತ್ರ ಆರ್ಕೆಸ್ಟ್ರಾ ಜೊತೆ ಗಾಡಿ ಹತ್ತಿ ಬಂದಿತ್ತು.

"ರಬ್ಬರ್ ತನ್ನಿ!" ಅಂದ್ಲು ಮಗಳು. ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಶಾಲೆ ಮಕ್ಕಳ ಹಾಗೆ ಕೂತು ಉಜ್ಜಿದ್ವಿ, ಉಫ್ ಉಫ್ ಅಂತ ಊದಿದ್ವಿ. ಆಮೇಲೆ ನುಡಿಸಿದ್ವಿ ನೋಡಿ, ಅಯ್ಯೋ, ಅದೇ ಸಂಗೀತಾನಾ ಇದು!

ಕಾರ್ಯಕ್ರಮದ ದಿನ ಜನ ಕೆಮ್ಮೋದನ್ನೂ ಮರೆತ್ರು. ಕೊನೇ ಪುಟ ಬಂತು. ಮಗಳು ನನ್ನ ಕಡೆ ನೋಡಿದ್ಲು. ಕೊಳಲಜ್ಜ ಹಳೇ ಅಭ್ಯಾಸಕ್ಕೆ ಕರವಸ್ತ್ರ ತೆಗೆದು ತಲೆ ಮೇಲೆ ಹಾಕ್ಕೊಂಡ. ನಾನು ಬಾರಿಸಿದೆ ನೋಡ್ರೋ, ಎದೆಯಲ್ಲಿದ್ದದ್ದೆಲ್ಲ ಕೈಗೆ ಬಂದಿತ್ತು! ಜನ ಎದ್ದು ನಿಂತು, ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಕೂಗಿದ್ರು. ಮತ್ತೆ ನುಡಿಸಿದ್ವಿ.

ಪರದೆ ಹಿಂದೆ ಹರಳೆಣ್ಣೆ ಮುಖದಲ್ಲಿ ನಗು! "ನಿಮ್ಮ ಕೋಣೆ ಬಾಗಿಲಿಗೆ ಹೆಸರಿನ ಫಲಕ ಹಾಕಿಸ್ಲಾ ಮೇಡಂ?" ಅಂದ್ರು.

ಮಗಳು, "ಹಾಕಿಸಿ. ಅಪ್ಪನಿಗೂ ಒಂದು ಫಲಕ. 'ಸುಮ್ಮನಿರಬೇಡ' ಅಂತ" ಅಂದ್ಲು.

ಅವತ್ತಿಂದ ಸುಮ್ಮನಿದ್ದೀನೇನ್ರೋ? ಹೂಂ, ಈಗ ಇದನ್ನ ನಿಮ್ಮ ನಿಮ್ಮ ಸ್ನೇಹಿತರಿಗೆಲ್ಲ ಕಳಿಸಿ. ಉದ್ದ ಆಯ್ತು ಅಂತ ನಗಾರಿ ಭಾಗ ಮಾತ್ರ ಕತ್ತರಿಸಬೇಡಿ, ಮೇಷ್ಟ್ರು ಕತ್ತರಿಸಿದ್ದೇ ಸಾಕು.