ಎಲೆಯ ಅಡಿಯ ಗುರುತು

“ಇದು ಮೂರನೆಯದು,” ಎಂದು ಅತ್ತಿಗೆ ಕುಂಡವನ್ನು ಊಟದ ಮೇಜಿನ ಮೇಲೆ ಕುಕ್ಕಿದಳು. ದಪ್ಪ ಎಲೆಗಳನ್ನು ಸುತ್ತಲೂ ಜೋಡಿಸಿಕೊಂಡು ತಾವರೆಯಂತೆ ಕೂತಿರುತ್ತಿದ್ದ ಗಿಡ ಹಳದಿಗೆ ತಿರುಗಿ, ಸುಳಿಯ ಹತ್ತಿರ ಮುರುಟಿಕೊಂಡಿತ್ತು. “ನಿಜ ಹೇಳು. ಕಳೆನಾಶಕ ಹೇಗೆ ಹೊಡೆದೆ?”

“ಹೊಡೀಲಿಲ್ಲ ಅತ್ತಿಗೆ, ಹಚ್ಚಿದೆ. ನೀವು ಹೇಳಿದ ಹಾಗೇ,” ಎಂದಳು ನಾದಿನಿ.

ಎರಡು ವಾರದ ಹಿಂದೆ ಹಿತ್ತಲಿನ ಜಲ್ಲಿಕಲ್ಲುಗಳ ನಡುವೆ ಕಳೆ ಎದ್ದಾಗ ಕಾನೂನು ಮಾಡಿದವಳು ಅತ್ತಿಗೆಯೇ. ಗಾಳಿಯಿಲ್ಲದ ಬೆಳಿಗ್ಗೆಯೇ ಆಗಬೇಕು. ಸ್ಪ್ರೇ ಮುಟ್ಟಬಾರದು, ತುಂತುರು ಹಾರಿದರೆ ಕಳೆ ಯಾವುದು, ಕಳ್ಳಿ ಯಾವುದು ಎಂದು ವಿಷ ವಿಚಾರಿಸುವುದಿಲ್ಲ. ಪ್ರತಿ ಕುಂಡದ ಮೇಲೂ ಬಕೆಟ್ಟೋ ಡಬ್ಬಿಯೋ ಕವುಚಿ, ಸಣ್ಣ ಬ್ರಷ್ಷಿನಿಂದ ಕಳೆಯ ಎಲೆಗೆ ಮಾತ್ರ ಸವರಬೇಕು. ಮನೆಯ ಬಕೆಟ್ಟುಗಳೆಲ್ಲ ಹಿತ್ತಲು ಸೇರಿ, ನಾದಿನಿಯ ಅಣ್ಣ ಅವತ್ತು ಸ್ನಾನವಿಲ್ಲದೆ ಕೆಲಸಕ್ಕೆ ಹೋಗಿದ್ದ.

ಗಂಡನನ್ನು ಬಿಟ್ಟು ಬಂದ ನಾದಿನಿ ಏಳು ತಿಂಗಳಿಂದ ಇಲ್ಲಿದ್ದಳು. ಅತ್ತಿಗೆ ಕೆಟ್ಟವಳಲ್ಲ, ಊಟಕ್ಕೆ ಎಂದೂ ಮುಖ ಸಿಂಡರಿಸಿದವಳಲ್ಲ. ಆದರೆ ಮೂವತ್ತು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಮಾಡಿದವಳು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡದೆ ಒಂದು ಹೊಲಿಗೆಯನ್ನೂ ಪಾಸು ಮಾಡಿದವಳಲ್ಲ. ಈ ಕುಂಡಗಳಿಂದಾಗಿ ಬಟ್ಟೆ ಒಣಗಿಸಲು ಹಿತ್ತಲಲ್ಲಿ ಜಾಗವಿಲ್ಲ ಎಂದು ನಾದಿನಿ ಒಮ್ಮೆ ಗೊಣಗಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

“ಒಡೆದ ಮಗ್ಗಿನಲ್ಲಿ ನೆಟ್ಟಿದ್ಯಲ್ಲ, ನಿನ್ನ ಗಿಡ, ಅದಕ್ಕೆ ಯಾಕೆ ಏನೂ ಆಗಿಲ್ಲ? ಕಳೆ ಮಧ್ಯಾನೇ ಇದೆ. ನನ್ನವು ಮಾತ್ರ ಸಾಯ್ಬೇಕಾ?”

ನಾದಿನಿ ಅತ್ತಿಗೆಯ ಕೈಬೆರಳುಗಳನ್ನು ಒಮ್ಮೆ ನೋಡಿದಳು. “ಸಂಜೆ ಬಸ್ಸಿಗೆ ಗೆಳತಿ ರೂಮಿಗೆ ಹೋಗ್ತೀನಿ ಅತ್ತಿಗೆ,” ಎಂದು ಒಳಗೆ ಹೋದಳು.

ಹೋಗಲಿ ಎಂದುಕೊಂಡಳು ಅತ್ತಿಗೆ. ಆದರೆ ತಂಗಿ ಎಲ್ಲಿ ಎಂದು ಗಂಡ ಕೇಳಿದರೆ ಕೈಯಲ್ಲಿ ಸಾಕ್ಷಿ ಬೇಡವೇ? ಕನ್ನಡಕ ಏರಿಸಿ, ವಿಷದ ಹನಿ ಸಿಡಿದ ಚುಕ್ಕೆಗಳನ್ನು ಹುಡುಕಿದಳು. ಚುಕ್ಕೆಗಳಿರಲಿಲ್ಲ. ಎಲೆಗೆ ಸಹಜವಾಗಿಯೇ ಇರುವ ಬಿಳಿ ಪುಡಿ ಅಲ್ಲಲ್ಲಿ ಅಳಿಸಿತ್ತು, ಹಳದಿ ಶುರುವಾದದ್ದೂ ಅಲ್ಲಿಂದಲೇ. ಮೇಲೆ ಒಂದು ದೊಡ್ಡ ಗುರುತು, ಎಲೆಯ ಅಡಿಯಲ್ಲಿ ಒಂದು ಸಣ್ಣದು. ಇನ್ನೊಂದು ಎಲೆಯಲ್ಲೂ ಹಾಗೇ. ಹನಿ ಸಿಡಿದರೆ ಎಲೆಯ ಅಡಿಗೆ ಹೋಗಿ ಹೇಗೆ ಕೂತೀತು? ಸರಿಯಾಗಿ ನೋಡಲೆಂದು ಎಲೆಯನ್ನು ಮೆಲ್ಲನೆ ಎತ್ತಿದಳು. ಅವಳ ಹೆಬ್ಬೆರಳೂ ತೋರುಬೆರಳೂ ಆ ಎರಡು ಗುರುತುಗಳ ಮೇಲೆ ಅಳತೆ ತೆಗೆದಂತೆ ಕೂತವು.

ಕೈ ಹಿಂದಕ್ಕೆಳೆದುಕೊಂಡಳು. ಕಳೆನಾಶಕ ಹಚ್ಚಿದ ದಿನ ನಾದಿನಿ ಬ್ರಷ್ ತೊಳೆಯಲು ಹೋದ ಕೂಡಲೇ ಅತ್ತಿಗೆ ಹಿತ್ತಲಿಗೆ ಇಳಿದಿದ್ದಳು. ಗ್ಲೌಸ್ ಹಾಕಿದರೆ ಒದ್ದೆ ತಿಳಿಯುವುದಿಲ್ಲವೆಂದು ಬರಿಗೈಯಲ್ಲೇ ಕಳೆಯ ಒಂದೊಂದು ಎಲೆಯನ್ನೂ ಹಿಡಿದು, ಸವರಿದ್ದಾಳೋ ಇಲ್ಲವೋ ಎಂದು ಉಜ್ಜಿ ನೋಡಿದ್ದಳು. ಆಮೇಲೆ ಬಕೆಟ್ಟುಗಳನ್ನೆತ್ತಿ, ಹನಿ ಬಿದ್ದಿದೆಯೋ ಎಂದು ತನ್ನ ಗಿಡಗಳ ಎಲೆಗಳನ್ನು ಅದೇ ಕೈಯಲ್ಲಿ ಬಿಡಿಸಿ ನೋಡಿದ್ದಳು. ಒಡೆದ ಮಗ್ಗಿನ ಗಿಡವನ್ನು ಅವಳು ಮುಟ್ಟಿರಲೇ ಇಲ್ಲ.

ನಾದಿನಿಯ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

“ಅದು... ನನ್ನ ಕೈಯಿಂದಲೇ ಆಗಿದ್ದು ಕಣೇ.”

“ಗೊತ್ತು,” ಎಂದಳು ನಾದಿನಿ ಬಟ್ಟೆ ಮಡಚುತ್ತಲೇ. “ಬಚ್ಚಲ ಕಿಟಕಿಯಿಂದ ನೋಡ್ತಿದ್ದೆ.”

“ನೋಡಿದ್ಯಾ? ಮತ್ತೆ ಅವತ್ತೇ ಹೇಳೋಕೇನಾಗಿತ್ತು ನಿಂಗೆ?”

“ಕೈ ತೊಳ್ಕೊಳ್ಳಿ ಅನ್ನೋಕೇ ಓಡಿ ಬಂದೆ. ನೀವು ಬಾಗಿಲಲ್ಲೇ ತಡೆದು, ‘ಬ್ರಷ್ ಸರಿಯಾಗಿ ತೊಳೆದ್ಯಾ? ಎಲ್ಲಿ, ತೋರ್ಸು’ ಅಂದ್ರಿ.”

ಹೋಗಬೇಡ ಎನ್ನಬೇಕಿತ್ತು ಅತ್ತಿಗೆ. ನಾದಿನಿ ಕೊನೆಯ ಬಟ್ಟೆಯನ್ನೂ ಬ್ಯಾಗಿಗೆ ತುಂಬಿದಳು, ಆದರೆ ಜಿಪ್ ಎಳೆಯಲಿಲ್ಲ. ಬ್ಯಾಗಿನ ಬಾಯಿ ಅಗಲಿಸಿ ಅತ್ತಿಗೆಯ ಕಡೆ ತಿರುಗಿಸಿದಳು.

“ಒಂದ್ಸಲ ನೋಡ್ಬಿಡಿ ಅತ್ತಿಗೆ. ಆಮೇಲೆ ಏನಾದ್ರೂ ಕಾಣ್ಲಿಲ್ಲ ಅಂದ್ರೆ ಕಷ್ಟ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿದಳು. ಬ್ಯಾಗು ಮಂಚದ ಮೇಲೆ ಹಾಗೇ ತೆರೆದುಕೊಂಡಿತ್ತು.